ಕುದಿಸಿದರೂ ಹೋಗದ ಫ್ಲೋರೈಡ್: ಪಾವಗಡದ ಕೊಳವೆಬಾವಿ ನೀರಿನ ಕುರಿತು

ನಮ್ಮ ಪಾವಗಡ ತಾಲ್ಲೂಕಿನಲ್ಲಿ ಮಕ್ಕಳ ಆರೋಗ್ಯದ ಬಗ್ಗೆ ಹೆಚ್ಚು ಎಚ್ಚರ ವಹಿಸುವ ಮನೆಗಳಲ್ಲಿ ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯಲು ಕೊಡುತ್ತಾರೆ. ಕುದಿಸುವುದರಿಂದ ಕಾಲರಾ, ವಿಷಮಶೀತ ಜ್ವರ, ಆಮಶಂಕೆಗಳನ್ನು ತರುವ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂಬುದು ನಿಜ, ಆ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಭಾಗದ ನೀರಿನ ಮುಖ್ಯ ದೋಷವಾದ ಫ್ಲೋರೈಡ್ ಬೆಂಕಿಗೆ ಸಾಯುವಂಥದ್ದಲ್ಲ, ಅದು ನೀರಿನಲ್ಲಿ ಕರಗಿರುವ ಲವಣದ ಅಂಶ. ನೀರು ಆವಿಯಾಗಿ ಹೋದಾಗ ಅದು ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಒಲೆಯ ಮೇಲೆ 8 ಲೀಟರಿಗೆ ಇಳಿದರೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 2.5 ಮಿಲಿಗ್ರಾಂಗೆ ಏರಿರುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಿಕೊಳ್ಳಬಹುದು.

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನಾದ್ದರಿಂದ ಪೋಷಕರು ಸಿಕ್ಕಾಗಲೆಲ್ಲ "ಯಾವ ಫಿಲ್ಟರ್ ಹಾಕಿಸಿದರೆ ಒಳ್ಳೇದು ಮೇಷ್ಟ್ರೇ?" ಎಂದು ಕೇಳುತ್ತಾರೆ. ನೀರಿನಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿಸಿದ್ದೀರಾ ಎಂದು ನಾನು ತಿರುಗಿ ಕೇಳಿದರೆ, ಮಾಡಿಸಿದ್ದೇವೆ ಎನ್ನುವವರು ತೀರಾ ಅಪರೂಪ. ನೀರಿನ ದೋಷಗಳು ಬೇರೆಬೇರೆ, ಅವನ್ನು ತೆಗೆಯುವ ವಿಧಾನಗಳೂ ಬೇರೆಬೇರೆ. ಒಂದಕ್ಕೆ ಮದ್ದಾದ ವಿಧಾನ ಇನ್ನೊಂದನ್ನು ಮುಟ್ಟುವುದೂ ಇಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ. ಇದನ್ನು ಒಂದೆಡೆ ವಿವರವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಫ್ಲೋರೈಡ್ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಪಾವಗಡ, ಶಿರಾ, ಬಾಗೇಪಲ್ಲಿ, ಗೌರಿಬಿದನೂರು, ಕೋಲಾರದ ಕಡೆಯ ನೆಲದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆ. ಈ ಶಿಲೆಯ ಖನಿಜಗಳಾದ ಫ್ಲೋರೈಟ್, ಅಪಟೈಟ್, ಕರಿ ಅಭ್ರಕ ಮುಂತಾದವುಗಳಲ್ಲಿ ಫ್ಲೋರಿನ್ ಸೇರಿಕೊಂಡಿದೆ. ಶಿಲೆಯ ಸಣ್ಣಸಣ್ಣ ಬಿರುಕುಗಳಲ್ಲಿ ನೀರು ಎಷ್ಟು ದೀರ್ಘಕಾಲ ನಿಲ್ಲುತ್ತದೆಯೋ ಅಷ್ಟು ಹೆಚ್ಚು ಫ್ಲೋರೈಡ್ ಅದರೊಳಕ್ಕೆ ಕರಗುತ್ತದೆ. ಇದರ ಜೊತೆಗೆ ಇನ್ನೊಂದು ರಾಸಾಯನಿಕ ಕಾರಣವೂ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಂದಿಗೆ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ, ಹೀಗಾಗಿ ಫ್ಲೋರೈಡ್ ಒಂದು ಮಿತಿಯನ್ನು ಮೀರಿ ಏರಲಾರದು. ಆದರೆ ಆಳದಲ್ಲಿ ಹಲವು ಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಾಗಿರುತ್ತವೆ. ಅಂಥ ನೀರು ಕುಡಿಯಲು ಗಡಸು ಎನಿಸುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆಯೂ ಬೇಗ ಬೇಯುತ್ತದೆ. ಜನರು ಅದನ್ನೇ "ಒಳ್ಳೆಯ ನೀರು" ಎಂದು ಮೆಚ್ಚುತ್ತಾರೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ.

ನಮ್ಮ ಹಿರಿಯರು ತೆರೆದ ಬಾವಿ, ಕಲ್ಯಾಣಿ ಮತ್ತು ಕೆರೆಯ ಕೆಳಗಿನ ಒರತೆಗಳ ನೀರು ಕುಡಿಯುತ್ತಿದ್ದರು. ಪ್ರತಿ ಮಳೆಗಾಲಕ್ಕೂ ಹೊಸ ನೀರು ಸೇರುತ್ತಿದ್ದ ಆ ಮೇಲಿನ ಪದರದಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ ಇರುತ್ತಿತ್ತು. ಕೆರೆಗಳು ಬತ್ತಿ, ಬಾವಿಗಳು ಒಣಗಿ, ಕೊಳವೆಬಾವಿಗಳು ನೂರಿನ್ನೂರು ಅಡಿಗಳಿಂದ ಸಾವಿರ ಅಡಿಯ ಆಚೆಗೆ ಇಳಿದಂತೆಲ್ಲ ನಾವು ಕುಡಿಯುವ ನೀರು ಹಳೆಯದಾಗುತ್ತಾ ಹೋಯಿತು. ಇಂದಿನ ಫ್ಲೋರೈಡ್ ಸಮಸ್ಯೆಯನ್ನು ಪ್ರಕೃತಿಯ ಶಾಪ ಎಂದು ಕೈಚೆಲ್ಲುವವರೊಂದಿಗೆ ನಾನು ಒಪ್ಪುವುದಿಲ್ಲ. ಶಿಲೆ ಪ್ರಕೃತಿಯದು ಎಂಬುದು ನಿಜ, ಆದರೆ ಆ ಶಿಲೆಯ ಅಷ್ಟು ಆಳಕ್ಕೆ ಇಳಿದು ಅಲ್ಲಿನ ನೀರನ್ನು ಮಕ್ಕಳಿಗೆ ಕುಡಿಸುತ್ತಿರುವುದು ನಮ್ಮ ಕೃಷಿ ಮತ್ತು ನೀರಿನ ಬಳಕೆಯ ಫಲ.

ಹೆಚ್ಚಿನ ಫ್ಲೋರೈಡಿನಿಂದ ಹಲ್ಲು ಮತ್ತು ಮೂಳೆಗಳಿಗೆ ಬರುವ ರೋಗಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಈ ರೋಗವನ್ನು ಗುರುತಿಸಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಸೊಂಟ ಬಗ್ಗಿದ, ಕೀಲುಗಳು ಬಿಗಿದ ರೈತರು ಮತ್ತು ಅವರ ಎತ್ತುಗಳನ್ನು ಪರೀಕ್ಷಿಸಿದಾಗ ಕಾರಣ ಬಾವಿಯ ನೀರಿನಲ್ಲಿ ಸಿಕ್ಕಿತು. ಫ್ಲೋರೈಡ್ ಮೊದಲು ಕಾಣಿಸಿಕೊಳ್ಳುವುದು ಹಲ್ಲಿನಲ್ಲಿ. ಸುಮಾರು 8 ವರ್ಷದೊಳಗೆ, ಶಾಶ್ವತ ಹಲ್ಲುಗಳ ಮೇಲ್ಪದರ ಒಸಡಿನೊಳಗೆ ರೂಪುಗೊಳ್ಳುವಾಗ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ, ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಮಚ್ಚೆಗಳೊಂದಿಗೆ ಹುಟ್ಟುತ್ತದೆ. ಮುಂದೆ ಆ ಮಚ್ಚೆಗಳು ಹಳದಿಗೂ ಕಂದು ಪಟ್ಟೆಗಳಿಗೂ ತಿರುಗುತ್ತವೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. "ಹಲ್ಲು ಉಜ್ಜಲ್ವೇನೋ" ಎಂದು ತರಗತಿಯಲ್ಲಿ ಗದರಿಸಿಕೊಳ್ಳುವ ಮಗುವಿನ ತಪ್ಪು ಅದರಲ್ಲಿ ಏನೇನೂ ಇಲ್ಲ ಎಂಬುದನ್ನು ಶಿಕ್ಷಕರಾದ ನಾವು ಮೊದಲು ತಿಳಿಯಬೇಕು. ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮೂಳೆಯ ಮೇಲಿನ ಪರಿಣಾಮ ಇನ್ನೂ ನಿಧಾನ, ಇನ್ನೂ ಕಠಿಣ. ವರ್ಷಗಟ್ಟಲೆ ಸೇವಿಸಿದ ಫ್ಲೋರೈಡ್ ಮೂಳೆಯಲ್ಲಿ ಕೂಡಿಕೊಂಡು ಬೆನ್ನು, ಕುತ್ತಿಗೆ ಮತ್ತು ಮಂಡಿಯ ಕೀಲುಗಳನ್ನು ಬಿಗಿಗೊಳಿಸುತ್ತದೆ. ಬಿಸಿಲಿನಲ್ಲಿ ದುಡಿದು ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯುವ ಕೂಲಿಕಾರರ ದೇಹಕ್ಕೆ ಅದೇ ನೀರಿನಿಂದ ನೆರಳಿನಲ್ಲಿ ಕುಳಿತವರಿಗಿಂತ ಎರಡು ಪಟ್ಟು ಫ್ಲೋರೈಡ್ ಸೇರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದವರಿಗೆ ಹಾನಿ ಹೆಚ್ಚು. ರಾಗಿ, ಹಾಲು, ಮಜ್ಜಿಗೆ, ನುಗ್ಗೆಸೊಪ್ಪು ಸಾಕಷ್ಟು ಸಿಕ್ಕರೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಬಡವರ ಮನೆಯ ಹಾಲು ಡೈರಿಗೆ ಹೋಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಫ್ಲೋರೈಡನ್ನು ನೀರಿನಿಂದ ತೆಗೆಯುವ ವಿಧಾನಗಳಲ್ಲಿ ನಮ್ಮದೇ ದೇಶದ್ದು ನಲಗೊಂಡ ವಿಧಾನ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ಇದಕ್ಕೆ, ಫ್ಲೋರೋಸಿಸ್‌ನಿಂದ ನಲುಗಿದ ತೆಲಂಗಾಣದ ನಲಗೊಂಡ ಜಿಲ್ಲೆಯ ಹೆಸರು ಬಂತು. ನೀರಿಗೆ ಪಟಿಕ, ಸುಣ್ಣ ಮತ್ತು ಸ್ವಲ್ಪ ಬ್ಲೀಚಿಂಗ್ ಪೌಡರ್ ಹಾಕಿ ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಕಲಕಿ, ತಿಳಿಯಾಗಲು ಬಿಟ್ಟರೆ, ಪಟಿಕದಿಂದ ಉಂಟಾದ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಹತ್ತಿಯಂಥ ಗರಣೆಗೆ ಫ್ಲೋರೈಡ್ ಅಂಟಿಕೊಂಡು ತಳಕ್ಕಿಳಿಯುತ್ತದೆ. ಕರೆಂಟು ಬೇಡ, ಸಾಮಗ್ರಿ ಅಗ್ಗ. ಆದರೆ ನೀರಿನ ಮಣ್ಣು ತಿಳಿಯಾಗಿಸಲು ಬೇಕಾಗುವುದಕ್ಕಿಂತ ಹಲವು ಪಟ್ಟು ಪಟಿಕ ಇಲ್ಲಿ ಬೇಕು, ಲೀಟರಿಗೆ ನೂರಾರು ಮಿಲಿಗ್ರಾಂ. ಆ ಪ್ರಮಾಣವನ್ನು ಪ್ರತಿ ಬಾವಿಯ ಫ್ಲೋರೈಡ್ ಮತ್ತು ಕ್ಷಾರಗುಣಕ್ಕೆ ತಕ್ಕಂತೆ ಲೆಕ್ಕ ಹಾಕದಿದ್ದರೆ ಒಂದೋ ಫ್ಲೋರೈಡ್ ಉಳಿಯುತ್ತದೆ, ಇಲ್ಲವೇ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ. ಎರಡನೆಯದು ಸಕ್ರಿಯ ಅಲ್ಯುಮಿನಾ. ರಂಧ್ರಮಯವಾದ ಬಿಳಿ ಹರಳುಗಳ ಮೂಲಕ ನೀರು ಹಾಯ್ದಾಗ ಫ್ಲೋರೈಡ್ ಅವುಗಳ ಮೇಲ್ಮೈಗೆ ಅಂಟುತ್ತದೆ. ಹರಳುಗಳು ತುಂಬಿಹೋದ ಮೇಲೆ ಅವನ್ನು ಕಾಸ್ಟಿಕ್ ಸೋಡಾದಿಂದಲೂ ಆಮ್ಲದಿಂದಲೂ ತೊಳೆದು ಮತ್ತೆ ಸಿದ್ಧಪಡಿಸಬೇಕು. ಊರಿನಲ್ಲಿ ಈ ಕೆಲಸಕ್ಕೆ ತರಬೇತಿ ಪಡೆದವರಿಲ್ಲದಿದ್ದರೆ ಕೆಲವು ತಿಂಗಳಲ್ಲೇ ಆ ಫಿಲ್ಟರಿನಿಂದ ಬರುವುದು ಹಾಕಿದ ನೀರೇ.

ಈ ಎರಡೂ ವಿಧಾನಗಳನ್ನು ಬದಿಗೆ ಸರಿಸಿ ಇಂದು ಊರೂರಲ್ಲಿ ನಿಂತಿರುವುದು "ಶುದ್ಧ ಕುಡಿಯುವ ನೀರಿನ ಘಟಕ", ಅಂದರೆ ಆರ್‌ಒ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುವ ಈ ಘಟಕದಲ್ಲಿ ಪಂಪು ನೀರನ್ನು ಅಧಿಕ ಒತ್ತಡದಿಂದ ಅತಿ ಸೂಕ್ಷ್ಮವಾದ ಪೊರೆಯ ಮೂಲಕ ತಳ್ಳುತ್ತದೆ. ನೀರು ಪೊರೆಯನ್ನು ದಾಟುತ್ತದೆ, ಲವಣಗಳ ಬಹುಪಾಲು ಹಿಂದೆಯೇ ಉಳಿಯುತ್ತದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ ಎಲ್ಲವನ್ನೂ ಒಂದೇ ಏಟಿಗೆ ತಗ್ಗಿಸುವ ಸಾಮರ್ಥ್ಯ ಇದಕ್ಕಿರುವುದರಿಂದ ಇಂದಿನ ಸ್ಥಿತಿಯಲ್ಲಿ ನಮ್ಮ ತಾಲ್ಲೂಕಿಗೆ ಇದು ಅಗತ್ಯ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇದರ ಬಗ್ಗೆ ಜನರಿಗೆ ಯಾರೂ ಹೇಳದ ಕೆಲವು ಸಂಗತಿಗಳಿವೆ.

ಮೊದಲನೆಯದು, ತಿರಸ್ಕೃತ ನೀರು. ಅರ್ಧ ನೀರು ಶುದ್ಧವಾಗಿ ಬಂದು ಅರ್ಧ ಹೊರಹೋಗುವ ಘಟಕದಲ್ಲಿ, ಒಳಗೆ ಹೋದ ಫ್ಲೋರೈಡ್ 2 ಮಿಲಿಗ್ರಾಂ ಇದ್ದರೆ ಹೊರಹೋಗುವ ನೀರಿನಲ್ಲಿ ಹತ್ತಿರ ಹತ್ತಿರ 4 ಇರುತ್ತದೆ. ಮನೆಯ ಸಣ್ಣ ಯಂತ್ರಗಳಲ್ಲಂತೂ ಒಂದು ಲೀಟರ್ ಪಡೆಯಲು ಮೂರು ಲೀಟರಿನಷ್ಟು ಚರಂಡಿಗೆ ಹೋಗುವುದು ಸಾಮಾನ್ಯ. ಆ ನೀರನ್ನು ದನಕರುಗಳಿಗೆ ತೊಟ್ಟಿಯಲ್ಲಿ ತುಂಬಿಡುವುದನ್ನೂ, ಇಂಗುಗುಂಡಿಗೆ ಬಿಡುವುದನ್ನೂ ನಾನು ನೋಡಿದ್ದೇನೆ. ದನಗಳಿಗೂ ಫ್ಲೋರೋಸಿಸ್ ಬರುತ್ತದೆ; ಇಂಗುಗುಂಡಿಗೆ ಬಿಟ್ಟದ್ದು ಮತ್ತೆ ಅದೇ ಅಂತರ್ಜಲಕ್ಕೆ ಹೋಗುತ್ತದೆ. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸುವುದಷ್ಟೇ ಅದಕ್ಕೆ ತಕ್ಕ ಉಪಯೋಗ.

ಎರಡನೆಯದು ಅಡುಗೆ. ಕ್ಯಾನಿನ ನೀರು ಕುಡಿಯಲು ಮಾತ್ರ ಎಂದು ಎತ್ತಿಟ್ಟು, ಮುದ್ದೆಗೆ, ಅನ್ನಕ್ಕೆ, ಸಾರಿಗೆ ನಲ್ಲಿಯ ನೀರನ್ನೇ ಬಳಸುವ ಮನೆಗಳೇ ಹೆಚ್ಚು. ಅನ್ನವೂ ಮುದ್ದೆಯೂ ಹಾಕಿದ ನೀರನ್ನೆಲ್ಲ ಹೀರಿಕೊಳ್ಳುತ್ತವೆ, ಆ ನೀರಿನ ಫ್ಲೋರೈಡ್ ತಟ್ಟೆಗೆ ಬಂದೇ ಬರುತ್ತದೆ. ಕ್ಯಾನಿನ ನೀರು ಕುಡಿಯುತ್ತಿದ್ದರೂ ಮಕ್ಕಳ ಹಲ್ಲು ಏಕೆ ಹೀಗಾಯಿತು ಎಂದು ಕೇಳುವ ತಾಯಂದಿರಿಗೆ ನಾನು ಮೊದಲು ಕೇಳುವುದು ಅಡುಗೆಯ ನೀರಿನ ಬಗ್ಗೆಯೇ. ಶಾಲೆಯ ಬಿಸಿಯೂಟದ ಅಡುಗೆಮನೆಗೂ ಇದೇ ಮಾತು ಅನ್ವಯಿಸುತ್ತದೆ.

ಮೂರನೆಯದು, ಪೊರೆಯ ಆಯಸ್ಸು. ಪೊರೆ ಸವೆದಂತೆ ಫ್ಲೋರೈಡ್ ನಿಧಾನವಾಗಿ ದಾಟತೊಡಗುತ್ತದೆ, ನೀರಿನ ನೋಟವಂತೂ ಬದಲಾಗುವುದಿಲ್ಲ. ಒಳಬರುವ ಮತ್ತು ಹೊರಬರುವ ನೀರನ್ನು ನಿಯಮಿತವಾಗಿ ಪರೀಕ್ಷಿಸದೆ ಘಟಕ ಕೆಲಸ ಮಾಡುತ್ತಿದೆಯೇ ಎಂದು ಹೇಳಲು ಬೇರೆ ದಾರಿಯಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ಕ್ಲೋರಿನ್ ಈ ಪೊರೆಯನ್ನು ಹಾಳುಮಾಡುವುದರಿಂದ ಅದನ್ನು ಮೊದಲೇ ಇದ್ದಿಲಿನ ಹಂತದಲ್ಲಿ ತೆಗೆದುಬಿಡುತ್ತಾರೆ. ಹೀಗಾಗಿ ಹೊರಬರುವ ನೀರಿಗೆ ಮುಂದೆ ಸೇರುವ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿ ಇರುವುದಿಲ್ಲ. ತಿಂಗಳುಗಟ್ಟಲೆ ತೊಳೆಯದ, ಒಳಗೆ ಪಾಚಿ ಹಿಡಿದ ಕ್ಯಾನಿಗೆ ಅದನ್ನು ತುಂಬಿದರೆ ಶುದ್ಧೀಕರಣದ ಅರ್ಧ ಪ್ರಯೋಜನ ಅಲ್ಲೇ ಮುಗಿಯಿತು.

ಮನೆಮನೆಗೆ ಬಂದು ಯಂತ್ರ ಮಾರುವವರು ತೋರಿಸುವ ಒಂದು ಪ್ರಯೋಗದ ಬಗ್ಗೆಯೂ ಹೇಳಲೇಬೇಕು. ಎರಡು ಲೋಟಗಳಲ್ಲಿ ನಲ್ಲಿಯ ನೀರು ಮತ್ತು ಯಂತ್ರದ ನೀರು ಇಟ್ಟು, ಕರೆಂಟಿನ ಕಡ್ಡಿಗಳನ್ನು ಅದ್ದುತ್ತಾರೆ. ನಲ್ಲಿಯ ನೀರು ಕ್ಷಣದಲ್ಲಿ ಕೊಳಕು ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಆ ಕಂದು ಕೆಸರು ನೀರಿನಲ್ಲಿದ್ದ ಕೊಳೆಯಲ್ಲ. ಕಡ್ಡಿಯ ಕಬ್ಬಿಣವೇ ವಿದ್ಯುತ್ತಿನಿಂದ ಕರಗಿ ತುಕ್ಕಿನಂತೆ ಹೊರಬಂದಿರುತ್ತದೆ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಇಷ್ಟೇ ಅದರ ಮರ್ಮ. ಶುದ್ಧ ಎಳನೀರಿನಲ್ಲಿ ಆ ಕಡ್ಡಿ ಅದ್ದಿದರೂ ಅದು ಕೆಡುತ್ತದೆ. ಅವರ ಕೈಯಲ್ಲಿರುವ ಟಿಡಿಎಸ್ ಮೀಟರು ಸಹ ಕರಗಿದ ಲವಣಗಳ ಒಟ್ಟು ಮೊತ್ತದ ಅಂದಾಜನ್ನು ಮಾತ್ರ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಟಿಡಿಎಸ್ 400 ಇರುವ ನೀರಿನಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಇರಬಹುದು, 1200 ಇರುವಲ್ಲಿ ಅರ್ಧ ಮಿಲಿಗ್ರಾಂ ಇರಬಹುದು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಲ್ಲೂ ಆರ್‌ಒ ಹಾಕಿಸಿ ಮೂರು ಪಾಲು ನೀರು ಚರಂಡಿಗೆ ಬಿಡುವುದಂತೂ ನನಗೆ ಸಹಿಸಲಾಗದ ಸಂಗತಿ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಇಂಥ ಯಂತ್ರ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನದಿಯ ನೀರಿಗೆ ಪಟಿಕ ಹಾಕಿ, ಮಣ್ಣು ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಅಲ್ಲಿಂದ ಮೂರು ಹಂತಗಳಲ್ಲಿ ಎತ್ತಿ ನಗರಕ್ಕೆ ಕಳಿಸುತ್ತಾರೆ. ಆ ನೀರಿಗೆ ಅಪಾಯವೇನಾದರೂ ಇದ್ದರೆ ಅದು ಒಡೆದ ಕೊಳವೆಯಿಂದ ಅಥವಾ ತೊಳೆಯದ ಸಂಪಿನಿಂದ ಬರುವ ಸೂಕ್ಷ್ಮಜೀವಿಗಳದು; ಅದಕ್ಕೆ ಕುದಿಸುವುದು ಅಥವಾ ಯುವಿ ದೀಪ ಸಾಕು.

ಫ್ಲೋರೈಡಿನ ಬಗ್ಗೆ ಇಷ್ಟು ಬರೆದೆನೆಂದು ಸೂಕ್ಷ್ಮಜೀವಿಗಳನ್ನು ಹಗುರವಾಗಿ ಕಾಣುವಂತಿಲ್ಲ. ಫ್ಲೋರೈಡ್ ವರ್ಷಗಟ್ಟಲೆ ಕಾಯುತ್ತದೆ, ಕಲುಷಿತ ಕೊಳವೆಯ ನೀರು ಎರಡೇ ದಿನಗಳಲ್ಲಿ ಪ್ರಾಣ ತೆಗೆಯುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿಭೇದಿಯಿಂದ ಜನರು ಸತ್ತದ್ದನ್ನು ನಾವು ಮರೆಯಬಾರದು. ಇದನ್ನು ತಡೆಯುವ ಸಾಧನ ಕ್ಲೋರಿನ್, ಅದೂ ಅತ್ಯಂತ ಅಗ್ಗ. ಆದರೆ ಅದನ್ನು ಹಾಕುವುದಕ್ಕೂ ಕ್ರಮವಿದೆ. ನೀರು ಮೊದಲು ತಿಳಿಯಾಗಿರಬೇಕು, ಏಕೆಂದರೆ ಮಣ್ಣಿನ ಕಣಗಳ ಮರೆಯಲ್ಲಿ ಜೀವಿಗಳು ಉಳಿದುಕೊಳ್ಳುತ್ತವೆ. ಕ್ಲೋರಿನ್ ಬೆರೆತ ಮೇಲೆ ಅರ್ಧ ಗಂಟೆಯಾದರೂ ನೀರು ಟ್ಯಾಂಕಿನಲ್ಲಿ ನಿಲ್ಲಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಾಯಿ ತೆರೆದಿಟ್ಟ ಚೀಲದ ಬ್ಲೀಚಿಂಗ್ ಪೌಡರ್ ಕೆಲವು ವಾರಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಹಳೆಯ ಪುಡಿಯನ್ನು ಎಷ್ಟು ಸುರಿದರೂ ಪ್ರಯೋಜನ ಅಲ್ಪ. ಟ್ಯಾಂಕಿನ ಮೇಲೆ ಹತ್ತಿ ಈ ಕೆಲಸ ಮಾಡುವ ನೀರುಗಂಟಿಗೆ ಸರಿಯಾದ ತರಬೇತಿ, ಹೊಸ ಪುಡಿ ಮತ್ತು ಸಕಾಲಕ್ಕೆ ಸಂಬಳ ಸಿಗುವುದು ಊರಿನ ಆರೋಗ್ಯಕ್ಕೆ ಯಾವ ಯಂತ್ರಕ್ಕಿಂತಲೂ ಮುಖ್ಯ ಎಂದು ನಾನು ನಂಬಿದ್ದೇನೆ.

ನೈಟ್ರೇಟ್ ಬರುವುದು ಹೊಲದ ಯೂರಿಯಾ, ತಿಪ್ಪೆ ಮತ್ತು ಶೌಚಗುಂಡಿಗಳಿಂದ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಇದೂ ಹೆಚ್ಚುತ್ತದೆ, ಆದ್ದರಿಂದ ಅಂಥ ನೀರಿನಲ್ಲಿ ಮಗುವಿಗೆ ಹಾಲಿನ ಪುಡಿ ಕಲಸಬಾರದು. ಗಡಸುತನ ಪಾತ್ರೆಗೂ ಗೀಸರಿಗೂ ತೊಂದರೆ ಕೊಡುವಷ್ಟು ದೇಹಕ್ಕೆ ಕೊಡುವುದಿಲ್ಲ. ಅದನ್ನು ತೆಗೆಯುವ ಸಾಫ್ಟ್‌ನರ್ ಫ್ಲೋರೈಡನ್ನು ತೆಗೆಯುವುದಿಲ್ಲ. ರಾಯಚೂರು ಮತ್ತು ಯಾದಗಿರಿಯ ಚಿನ್ನದ ಅದಿರಿನ ಪಟ್ಟಿಯ ಸುತ್ತಮುತ್ತ ಕೆಲವು ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ, ಅಲ್ಲಿ ಪರೀಕ್ಷೆಯ ಪಟ್ಟಿಗೆ ಅದೂ ಸೇರಬೇಕು.

ಪರೀಕ್ಷೆ ಮಾಡಿಸುವುದು ಈಗ ಕಷ್ಟವಲ್ಲ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು, ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದಿದೆ. ಫ್ಲೋರೈಡ್ ಪರೀಕ್ಷೆಯಲ್ಲಿ ದ್ರಾವಣದ ಬಣ್ಣ ಗುಲಾಬಿಯಿಂದ ಹಳದಿಯತ್ತ ಸರಿದಷ್ಟೂ ಪ್ರಮಾಣ ಹೆಚ್ಚು ಎಂದರ್ಥ. ಸೂಕ್ಷ್ಮಜೀವಿಗಳ ಸೀಸೆಯಲ್ಲಿ ನೀರು ತುಂಬಿ ಬೆಚ್ಚಗೆ ಇಟ್ಟಾಗ ಒಂದೆರಡು ದಿನಗಳಲ್ಲಿ ಕಪ್ಪಾದರೆ ಮಲದ ಸೋಂಕು ಇದೆ ಎಂದರ್ಥ. ಎಂಟನೇ ತರಗತಿಯ ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ ಪ್ರತಿ ಕೊಳವೆಬಾವಿಯ ಮತ್ತು ಪ್ರತಿ ಆರ್‌ಒ ಘಟಕದ ನೀರಿನ ಫಲಿತಾಂಶವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ.

ತುಂಗಭದ್ರೆಯ ಹಿನ್ನೀರಿನಿಂದ ನಮ್ಮ ತಾಲ್ಲೂಕಿಗೆ ನೀರು ತರುವ ಬಹುಗ್ರಾಮ ಯೋಜನೆ ಬಹುಕಾಲದ ಆಸೆ. ನದಿಯ ನೀರಿನಲ್ಲಿ ಫ್ಲೋರೈಡಿನ ತೊಂದರೆ ಇಲ್ಲ, ಅದು ಪ್ರತಿ ನಲ್ಲಿಗೂ ನಿಯಮಿತವಾಗಿ ಬಂದರೆ ಇದಕ್ಕಿಂತ ಸಂತೋಷ ಬೇರೆಯಿಲ್ಲ. ಆದರೂ ಚಾವಣಿಯ ಮಳೆನೀರಿನ ಲೆಕ್ಕವನ್ನು ಪ್ರತಿ ಮನೆಯವರೂ ಒಮ್ಮೆ ಹಾಕಿ ನೋಡಬೇಕು. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆಯೂ ಆಗುವುದಿಲ್ಲ, 500 ಎಂದೇ ಹಿಡಿಯೋಣ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಬೀಳುವ ಅಷ್ಟು ಮಳೆಯಲ್ಲಿ ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 37 ಸಾವಿರ ಲೀಟರ್ ಸಿಗುತ್ತದೆ. ಐವರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 9 ಸಾವಿರ ಲೀಟರ್. ಮಳೆ ಅರ್ಧಕ್ಕೆ ಇಳಿದ ವರ್ಷವೂ ಇದು ಸಾಲುತ್ತದೆ. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಿಗೆ ಐದಾರು ಸಾವಿರ ಲೀಟರಿನ ತೊಟ್ಟಿ ಸಾಕು. ಮಣ್ಣಿನ ಮಾಳಿಗೆಗೂ ಆಸ್ಬೆಸ್ಟಾಸ್ ಶೀಟಿಗೂ ಇದು ಹೊಂದುವುದಿಲ್ಲ, ಆರ್‌ಸಿಸಿ ತಾರಸಿ ಬೇಕು. ಮೊದಲ ಮಳೆಯ ನೀರನ್ನು ಹೊರಬಿಡಬೇಕು, ಮರಳು ಜಲ್ಲಿಯ ಸಣ್ಣ ಸೋಸುತೊಟ್ಟಿ ಇರಬೇಕು, ತೊಟ್ಟಿಯೊಳಗೆ ಬೆಳಕು ಹೋಗದಂತೆ ಮುಚ್ಚಿರಬೇಕು, ತೂತುಗಳಿಗೆ ಸೊಳ್ಳೆ ಬಲೆ ಹಾಕಿರಬೇಕು. ಈ ನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲವಾದ್ದರಿಂದ ಇದನ್ನು ಕುದಿಸಿ ಕುಡಿದರೆ ಕುದಿಸಿದ ಶ್ರಮ ಪೂರ್ತಿ ಫಲ ಕೊಡುತ್ತದೆ. ತೊಟ್ಟಿ ಕಟ್ಟಿಸಲು ಹೊರಟವರು ತಾರಸಿಯ ಅಳತೆ ಮತ್ತು ಮನೆಯ ಜನರ ಸಂಖ್ಯೆಯನ್ನು ಬರೆದು ತಂದರೆ, ತೊಟ್ಟಿಯ ಗಾತ್ರವನ್ನು ಲೆಕ್ಕ ಹಾಕಿಕೊಡಲು ನಾನು ಯಾವತ್ತೂ ಸಿದ್ಧನಿದ್ದೇನೆ.